ಕಾಣದ ಬಣ್ಣದ ಲೆಕ್ಕ

ಹುಬ್ಬಳ್ಳಿಯ ಯಾವುದಾದರೂ ಹಕ್ಕಿ ಅಂಗಡಿಗೆ ಹೋಗಿ ನೋಡಿ. ಲವ್ ಬರ್ಡ್ಸ್ ಪಂಜರದ ಪಕ್ಕದಲ್ಲಿ ಗುಬ್ಬಿಗಿಂತ ಸಣ್ಣ ಹಕ್ಕಿಗಳು ಪೀಂ ಪೀಂ ಅಂತ ಪೀಪಿ ಊದಿದ ಹಾಗೆ ಕೂಗ್ತಿರ್ತಾವೆ. ಅವೇ ಜೀಬ್ರಾ ಫಿಂಚ್. ಮೂಲ ಆಸ್ಟ್ರೇಲಿಯಾದ್ದು. ಬೂದು ಮೈ, ಕೆಂಪು ಕೊಕ್ಕು, ಗಂಡಿಗೆ ಕಿತ್ತಳೆ ಕೆನ್ನೆ. ಕೋಳಿಯ ನಂತರ ಜೀನೋಮ್ ಪೂರ್ತಿ ಓದಲಾದ ಎರಡನೇ ಹಕ್ಕಿ ಇದೇ, 2010ರಲ್ಲಿ.

ಇದರಲ್ಲಿ ಅಪರೂಪದ ಬಣ್ಣವೊಂದನ್ನು ಮನೆಯಲ್ಲಿ ನಿಲ್ಲಿಸೋದು ಹೇಗೆ ಅನ್ನೋದೇ ಈ ಲೇಖನ. ನಾವು ಅದನ್ನು ಕೈಯಾರೆ ಹೆಂಗ ಕಳಕೊಂಡ್ವಿ ಅನ್ನೋದೂ ಇದರಲ್ಲೇ ಬರುತ್ತೆ. ನಾವು ಅಂದ್ರೆ ಮೂರು ಜನ: ಇಬ್ಬರು ಹಾಸ್ಟೆಲ್‌ನವರು, ಒಬ್ಬ ಧಾರವಾಡದ ಮನೆಯಿಂದ ದಿನಾ ಬಸ್ಸಿಗೆ ಬರೋನು. ಹಕ್ಕಿಮನೆ ಇರೋದು ಅವನ ಮನೆ ಮಾಳಿಗೆ ಮೇಲೆ.

ಹಚ್ಚಿದ ಬಣ್ಣ, ಹುಟ್ಟಿದ ಬಣ್ಣ

ನಮ್ಮ ಮೊದಲ "ಅಪರೂಪದ ಹಕ್ಕಿ" ಹಸಿರು ಬಣ್ಣದ್ದು. ಸಂತೆಯಲ್ಲಿ ಒಬ್ಬರು ಕೊಟ್ಟರು, ಫಾರಿನ್ ಫಿಂಚ್ ಅಂದರು. ಎರಡನೇ ದಿನ ಅದು ನೀರಿನ ತಟ್ಟೆಯಲ್ಲಿ ಸ್ನಾನ ಮಾಡಿತು, ನೀರು ಹಸಿರಾಯಿತು. ಒಳಗಿದ್ದದ್ದು ನಮ್ಮದೇ ಹೊಲದ ರಾಟವಾಳ, ಅಂದ್ರೆ ಮುನಿಯ. ಧಾರವಾಡದ ಸುತ್ತ ಜೋಳದ ಹೊಲದಲ್ಲಿ ಗುಂಪಾಗಿ ಇಳಿಯುತ್ತಲ್ಲ, ಅದೇ. ನಮ್ಮ ದೇಶದ ಕಾಡುಹಕ್ಕಿಗಳನ್ನು ಹಿಡಿಯೋದು, ಮಾರೋದು, ಸಾಕೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ ಅನ್ನೋದು ನಮಗೆ ಆಮೇಲೆ ಗೊತ್ತಾಯಿತು. ಅರಣ್ಯ ಇಲಾಖೆಯವರಿಗೆ ಒಪ್ಪಿಸಿ ಬಂದ್ವಿ. ಹಾಗಾಗಿ ಮೊದಲ ಪಾಠ: ಹಕ್ಕಿ ಕೊಳ್ಳೋ ಮೊದಲು ಅದರ ಜಾತಿ ಯಾವುದು ಅಂತ ತಿಳ್ಕೊಳ್ಳಿ, ಬಣ್ಣ ಆಮೇಲೆ.

ನಿಜವಾದ ಬಣ್ಣದ ಬದಲಾವಣೆ ಬರೋದು ಜೀನ್‌ನಿಂದ. ಜೀನ್‌ನಲ್ಲಿ ಒಂದು ಸಣ್ಣ ವ್ಯತ್ಯಾಸವಾದರೆ ಗರಿಯ ಕಪ್ಪು ವರ್ಣದ್ರವ್ಯ ಕಂದಾಗಬಹುದು, ಕಡಿಮೆಯಾಗಬಹುದು, ಬೇರೆ ಜಾಗಕ್ಕೆ ಹರಡಬಹುದು. ಅದನ್ನೇ ಮ್ಯುಟೇಶನ್ ಅಂತಾರೆ.

ಎರಡು ಬಿಟ್‌ನ ಗಂಡು, ಒಂದು ಬಿಟ್‌ನ ಹೆಣ್ಣು

ಮನುಷ್ಯರಲ್ಲಿ ಗಂಡು ಎಕ್ಸ್‌ವೈ. ಹಕ್ಕಿಗಳಲ್ಲಿ ಇದು ಉಲ್ಟಾ: ಗಂಡಿಗೆ ಎರಡು ಝಡ್ ಕ್ರೋಮೋಸೋಮ್, ಹೆಣ್ಣಿಗೆ ಒಂದು ಝಡ್, ಒಂದು ಡಬ್ಲ್ಯು.

ಫಾನ್ ಅನ್ನೋ ಕಂದುಬಣ್ಣದ ಜೀನ್ ಇರೋದು ಝಡ್ ಮೇಲೆ. ಮಾಮೂಲಿ ಬೂದು ಬಣ್ಣಕ್ಕೆ 1, ಫಾನ್‌ಗೆ 0 ಅಂತ ಇಟ್ಕೊಳ್ಳಿ. ಗಂಡು ಒಂದು ಆರ್ ಗೇಟ್ ಇದ್ದ ಹಾಗೆ: ಎರಡರಲ್ಲಿ ಒಂದು 1 ಇದ್ದರೂ ಮೈ ಬೂದು. ಹೆಣ್ಣಿಗೆ ಇರೋದೇ ಒಂದು ಬಿಟ್, ಇದ್ದದ್ದು ಇದ್ದ ಹಾಗೇ ಕಾಣುತ್ತೆ. ಆದ್ದರಿಂದ ಫಾನ್ ಗಂಡಿಗೆ ಬೂದು ಹೆಣ್ಣು ಹಾಕಿದರೆ ಹೆಣ್ಣುಮರಿ ಎಲ್ಲಾ ಫಾನ್, ಗಂಡುಮರಿ ಎಲ್ಲಾ ಬೂದು. ಆದರೆ ಆ ಗಂಡುಮರಿಗಳೆಲ್ಲದರ ಒಳಗೆ ಒಂದು 0 ಕೂತಿರುತ್ತೆ. ಇಂಥವನ್ನು ಹಕ್ಕಿ ಸಾಕುವವರು ಸ್ಪ್ಲಿಟ್ ಅಂತಾರೆ. ನಾವು ಒಳಬಣ್ಣದ ಹಕ್ಕಿ ಅಂತೀವಿ.

ಕರಿಗೆನ್ನೆಯ ಲೆಕ್ಕ ಬೇರೆ. ಬ್ಲ್ಯಾಕ್ ಚೀಕ್ ಅನ್ನೋ ಈ ಬಣ್ಣದಲ್ಲಿ ಗಂಡಿನ ಕಿತ್ತಳೆ ಕೆನ್ನೆ ಕಪ್ಪಾಗುತ್ತೆ. ಇದರ ಜೀನ್ ಝಡ್ ಮೇಲಿಲ್ಲ, ಹಾಗಾಗಿ ಗಂಡು ಹೆಣ್ಣು ಎರಡಕ್ಕೂ ಎರಡೆರಡು ಬಿಟ್. ಎರಡೂ 0 ಆದರೆ ಮಾತ್ರ ಬಣ್ಣ ಕಾಣುತ್ತೆ. ಕರಿಗೆನ್ನೆಗೆ ಮಾಮೂಲಿ ಜೋಡಿ ಹಾಕಿದರೆ ಮರಿಗಳೆಲ್ಲಾ ನೋಡೋಕೆ ಮಾಮೂಲಿ, ಆದರೆ ನೂರಕ್ಕೆ ನೂರು ಸ್ಪ್ಲಿಟ್. ಎರಡು ಸ್ಪ್ಲಿಟ್ ಸೇರಿದರೆ ನಾಲ್ಕರಲ್ಲಿ ಒಂದು ಕರಿಗೆನ್ನೆ.

ನಾವು ಮಾಡಿದ ತಪ್ಪು

ಫಸ್ಟ್ ಇಯರ್‌ನಲ್ಲಿ ಮೆಸ್ ಬಿಲ್ಲಿನಲ್ಲಿ ಉಳಿಸಿದ ದುಡ್ಡು ಸೇರಿಸಿ ಒಂದು ಕರಿಗೆನ್ನೆ ಗಂಡು ತಂದ್ವಿ. ಬೂದು ಹೆಣ್ಣಿನ ಜೊತೆ ಬಿಟ್ಟು, ಸಣ್ಣ ಮಣ್ಣಿನ ಗಡಿಗೆ, ತೆಂಗಿನ ನಾರು, ನವಣೆ, ಮೊಟ್ಟೆ ಚಿಪ್ಪಿನ ಪುಡಿ ಎಲ್ಲಾ ಇಟ್ವಿ. ಐದು ಮರಿ ಆದವು. ಮೂರು ತಿಂಗಳು ಕಾದು ನೋಡಿದರೆ ಒಂದರ ಕೆನ್ನೆಯೂ ಕಪ್ಪಿಲ್ಲ! ಆಗ ಮೇಲಿನ ಲೆಕ್ಕ ನಮಗೆ ಗೊತ್ತಿರಲಿಲ್ಲ. ಬಣ್ಣ ಬರಲಿಲ್ಲ, ಹೋಗ್ಲಿ ಬಿಡು ಅಂತ ಪರೀಕ್ಷೆಗೆ ಮೊದಲು ನಾಲ್ಕು ಮರಿಗಳನ್ನು ಅಂಗಡಿಗೆ ಕೊಟ್ಟು ಕಾಳು ತಂದ್ವಿ. ಮೇ ತಿಂಗಳ ಬಿಸಿಲಿಗೆ ಕರಿಗೆನ್ನೆ ಗಂಡು ಸತ್ತಿತು. ಮಾಳಿಗೆ ಮೇಲೆ ಆಗಿನ್ನೂ ನೆರಳಿನ ಬಲೆ ಕಟ್ಟಿರಲಿಲ್ಲ. ಅದು ನಮ್ಮದೇ ತಪ್ಪು.

ಸ್ಪ್ಲಿಟ್ ಅಂದರೇನು ಅಂತ ಓದಿದ್ದು ಅದಾದ ಮೇಲೆ. ಗೆಳೆಯನ ಅಜ್ಜಿಗೆ ವಿಷಯ ಹೇಳಿದಾಗ ಅವರು ಕಾಳು ಹಸನು ಮಾಡ್ತಾ ಅಂದರು: "ಅಲ್ರೋ, ಮನ್ಯಾಗ ಹುಟ್ಟಿದ್ದನ್ನ ಮುಖಾ ನೋಡಿ ಹೊರಗ ಹಾಕಿದ್ರಿ. ಅಪ್ಪಂದು ಮುಖದಾಗ ಬರಲಿಲ್ಲಂದ್ರ ರಕ್ತದಾಗ ಇರಂಗಿಲ್ಲೇನು?"

ಅಪರೂಪದ ಬಣ್ಣ ಎಷ್ಟೋ ಮನೆಗಳಲ್ಲಿ ಕಳೆದುಹೋಗೋದು ಹೀಗೇ. ಬಣ್ಣದ ಹಕ್ಕಿ ಸತ್ತರೂ ಒಳಬಣ್ಣದ ಹಕ್ಕಿಗಳಿದ್ದರೆ ಬಣ್ಣ ಉಳಿಯುತ್ತೆ. ನಾವು ಅವನ್ನೇ ಮಾರಿದ್ವಿ.

ಉಳಿದ ಒಂದು ಹೆಣ್ಣು

ಐದನೇ ಮರಿಯನ್ನು ಅಂಗಡಿಯವರು ತಗೊಂಡಿರಲಿಲ್ಲ. ಗೂಡಿಗೆ ಹಾಕಿದ ದಾರ ಕಾಲಿಗೆ ಸುತ್ತಿ ಅದರ ಒಂದು ಬೆರಳು ಹೋಗಿತ್ತು. ಗೂಡಿಗೆ ದಾರ ಹಾಕಬಾರದು ಅನ್ನೋದು ಇನ್ನೊಂದು ಪಾಠ. ಅಪ್ಪ ಕರಿಗೆನ್ನೆ, ಹಾಗಾಗಿ ಈ ಹೆಣ್ಣು ಖಂಡಿತ ಸ್ಪ್ಲಿಟ್. ಈಗಿರೋ ಬಂಡವಾಳ ಇದೊಂದೇ.

ಇದಕ್ಕೆ ಸಂಬಂಧವಿಲ್ಲದ ಒಳ್ಳೆ ಬೂದು ಗಂಡು ಜೋಡಿ ಮಾಡಿದರೆ ಪ್ರತಿ ಮರಿ ಸ್ಪ್ಲಿಟ್ ಆಗೋ ಸಾಧ್ಯತೆ ಅರ್ಧ. ನೋಡಿ ಹೇಳೋಕಾಗಲ್ಲ. ಅಲ್ಲಿಂದ ಮುಂದೆ ಎರಡು ದಾರಿ:

ಒಂದು, ಮಗನನ್ನು ತಾಯಿಗೇ ಜೋಡಿ ಮಾಡೋದು. ತಾಯಿ ಸ್ಪ್ಲಿಟ್ ಅಂತ ಗೊತ್ತಿರೋದರಿಂದ ಜೋಡಿ ಸರಿಹೋಗೋ ಸಾಧ್ಯತೆ 1/2. ಆದರೆ ಮರಿಗಳ ಒಳಸಂತಾನ ಗುಣಾಂಕ 25%. ಅಂದರೆ ಅಡಗಿದ ಬೇರೆ ದೋಷಗಳೂ ಜೋಡಿಯಾಗಿ ಹೊರಬರಬಹುದು: ಒಡೆಯದ ಮೊಟ್ಟೆ, ಬಡಕಲು ಮರಿ.

ಎರಡು, ತಾಯಿಗೆ ಬೇರೆ ಬೇರೆ ಸಲ ಬೇರೆ ಬೇರೆ ಗಂಡು ಹಾಕಿ, ಆ ಮಲಸಹೋದರರನ್ನು ಜೋಡಿ ಮಾಡೋದು. ಗುಣಾಂಕ 12.5%ಗೆ ಇಳಿಯುತ್ತೆ. ಆದರೆ ಎರಡೂ ಸ್ಪ್ಲಿಟ್ ಆಗಿರೋ ಸಾಧ್ಯತೆ 1/4 ಮಾತ್ರ. ಹಕ್ಕಿ ಹೆಚ್ಚು, ಪಂಜರ ಹೆಚ್ಚು, ಕಾಲ ಹೆಚ್ಚು.

ಬೇಗ ಬೇಕೋ, ಗಟ್ಟಿ ಬೇಕೋ? ನಾವು ಎರಡನೇ ದಾರಿ ಆರಿಸಿದ್ವಿ.

ತಾಳ್ಮೆಗೂ ಒಂದು ಲೆಕ್ಕ ಇದೆ. ಜೋಡಿ ನಿಜವಾಗಿ ಎರಡೂ ಸ್ಪ್ಲಿಟ್ ಆಗಿದ್ದರೂ 4 ಮರಿಗಳಲ್ಲಿ ಒಂದೂ ಕರಿಗೆನ್ನೆ ಬಾರದೇ ಇರೋ ಸಾಧ್ಯತೆ (3/4)ರ 4ನೇ ಘಾತ, ಸುಮಾರು 32%. 8 ಮರಿಗೆ 10%. 11 ಮರಿಗೆ 4%. ಅಂದ್ರೆ ಒಂದು ಗೂಡು ನೋಡಿ ಜೋಡಿ ಸುಳ್ಳು ಅನ್ನಬಾರದು, 11 ಮರಿ ತನಕ ಕಾಯಬೇಕು. ಹಾಗಂತ ಒಂದರ ಹಿಂದೆ ಒಂದು ಮೊಟ್ಟೆ ಇಡಿಸಿದರೆ ಹೆಣ್ಣು ಸೊರಗುತ್ತೆ. ನಾವು ವರ್ಷಕ್ಕೆ ಎರಡು ಮೂರು ಸಲ ಸಾಕು ಅಂತ ನಿಲ್ಲಿಸಿ ಗಡಿಗೆ ತೆಗೆದಿಡ್ತೀವಿ. ಆರು ತಿಂಗಳು ತುಂಬದ ಹಕ್ಕಿಯನ್ನು ಜೋಡಿ ಮಾಡೋದಿಲ್ಲ.

ನೋಟ್‌ಬುಕ್

ಪ್ರತಿ ಮರಿಯ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ರಿಂಗ್. ಪುಸ್ತಕದಲ್ಲಿ ರಿಂಗ್ ಬಣ್ಣ, ಹುಟ್ಟಿದ ದಿನ, ಅಪ್ಪ, ಅವ್ವ, ಸ್ಪ್ಲಿಟ್ ಆಗಿರೋ ಸಾಧ್ಯತೆ. ಒಂದು ಜೋಡಿಗೆ ಒಂದೇ ಪಂಜರ, ಇಲ್ಲದಿದ್ದರೆ ಅಪ್ಪ ಯಾರು ಅಂತ ಬರೆಯೋಕೇ ಆಗಲ್ಲ. ಬರೆಯದೆ ಇದ್ದರೆ ಎರಡು ತಲೆಮಾರಿಗೆ ಎಲ್ಲಾ ಬರೀ ಬೂದು ಹಕ್ಕಿಗಳೇ.

ಈ ಸೆಮ್‌ನಲ್ಲಿ ಬೆರಳಿಲ್ಲದ ಹೆಣ್ಣಿಗೆ ನಾಲ್ಕು ಮರಿ ಆಗಿವೆ. ಎರಡು ಗಂಡು, ಕೆನ್ನೆ ಎರಡರದ್ದೂ ಕಿತ್ತಳೆ. ಅಂಗಡಿಯವರು ಮೊನ್ನೆ ಮರಿ ಇದಾವೇನು ಅಂತ ಫೋನ್ ಮಾಡಿದ್ದರು. ಇಲ್ಲ ಅಂದ್ವಿ. ಲೆಕ್ಕ ಸರಿಯಾದರೂ ಕರಿಗೆನ್ನೆ ಬರೋ ಹೊತ್ತಿಗೆ ನಾವು ಫೈನಲ್ ಇಯರ್‌ನಲ್ಲಿರ್ತೀವಿ. ಬಾರದೆಯೂ ಇರಬಹುದು. ಆಮೇಲೆ ಯಾರು ಸಾಕ್ತಾರೋ ಅವರಿಗೆ ಹಕ್ಕಿಯ ಜೊತೆ ನೋಟ್‌ಬುಕ್ಕನ್ನೂ ಕೊಡ್ತೀವಿ. ಜೂನಿಯರ್ಸ್ ಯಾರಿಗಾದರೂ ಆಸಕ್ತಿ ಇದ್ದರೆ ಭಾನುವಾರ ಮಾಳಿಗೆಗೆ ಬನ್ನಿ. ನೆರಳಿನ ಬಲೆ ಈಗ ಕಟ್ಟಿದ್ದೀವಿ.