ತುಪ್ಪಳದ ಜಾಕೆಟ್ಟು: ಅದರ ಬಾಳಿಕೆ ಮತ್ತು ತೊಳೆಯುವ ಕ್ರಮ

1922ನೆಯ ಇಸವಿಯಲ್ಲಿ ಎವರೆಸ್ಟ್ ಶಿಖರವನ್ನೇರಲು ಹೊರಟ ಬ್ರಿಟಿಷ್ ತಂಡದಲ್ಲಿ ಜಾರ್ಜ್ ಇಂಗಲ್ ಫಿಂಚ್ ಎಂಬ ರಸಾಯನವಿಜ್ಞಾನಿಯಿದ್ದರು. ಬಲೂನು ತಯಾರಿಸುವ ಬಟ್ಟೆಯೊಳಗೆ ಈಡರ್ ಎಂಬ ಬಾತಿನ ತುಪ್ಪಳವನ್ನು ತುಂಬಿಸಿ ಹೊಲಿಸಿದ ಕೋಟನ್ನು ಅವರು ತೊಟ್ಟಿದ್ದರು. ಆ ವರ್ಷದ ಮೇ ತಿಂಗಳಿನಲ್ಲಿ ಆಮ್ಲಜನಕದ ನೆರವಿನಿಂದ ಅವರು 8,300 ಮೀಟರುಗಳಿಗೂ ಮೇಲೇರಿದರು. ಮುಂದೆ 1952ರಿಂದ 1957ರವರೆಗೆ ಇದೇ ಫಿಂಚರು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಅಂಥ ಉಡುಪು ಇಂದು ‘ಡೌನ್ ಜಾಕೆಟ್’ ಎಂಬ ಹೆಸರಿನಿಂದ, ಹಿಮಾಲಯಕ್ಕೆ ಚಾರಣ ಹೋಗುವ ನಮ್ಮ ವಿದ್ಯಾರ್ಥಿಗಳ ಮೈಮೇಲೂ ಕಾಣುತ್ತದೆ. ಬೆಲೆಬಾಳುವ ಈ ಉಡುಪನ್ನು ತೊಳೆಯದೆ ಕೆಡಿಸುವವರು ಕೆಲವರು. ತಪ್ಪಾಗಿ ತೊಳೆದು ಕೆಡಿಸುವವರು ಕೆಲವರು. ಸರಿಯಾದ ಕ್ರಮ ಯಾವುದೆಂಬುದನ್ನು ತಿಳಿಯಬೇಕಾದರೆ, ತುಪ್ಪಳವು ನಮ್ಮನ್ನು ಬೆಚ್ಚಗಿಡುವ ಬಗೆಯನ್ನು ಮೊದಲು ವಿಚಾರಿಸೋಣ.

ಬಾತು, ಹೆಬ್ಬಾತುಗಳ ಹೊರಗರಿಗಳ ಅಡಿಯಲ್ಲಿ ಮೆತ್ತನೆಯ ಮತ್ತೊಂದು ಹೊದಿಕೆಯಿರುತ್ತದೆ. ಇದೇ ತುಪ್ಪಳ. ಹಾರುವ ಗರಿಗಿರುವಂತೆ ಇದಕ್ಕೆ ನೀಳವಾದ ಗಟ್ಟಿ ದಂಡವಿಲ್ಲ. ಒಂದು ನಡುಬಿಂದುವಿನಿಂದ ನವುರಾದ ಎಳೆಗಳು ಎಲ್ಲ ದಿಕ್ಕುಗಳಿಗೂ ಚಾಚಿರುತ್ತವೆ. ಆ ಎಳೆಗಳಿಗೆ ಇನ್ನೂ ಸೂಕ್ಷ್ಮವಾದ ಕವಲುಗಳಿರುತ್ತವೆ. ಈ ಕವಲುಗಳ ನಡುವೆ ಗಾಳಿಯು ಸಿಕ್ಕಿಕೊಂಡು ನಿಶ್ಚಲವಾಗಿ ನಿಲ್ಲುತ್ತದೆ. ನಿಶ್ಚಲವಾದ ಗಾಳಿ ಅತ್ಯಂತ ಮಂದವಾದ ಉಷ್ಣವಾಹಕ. ಆದುದರಿಂದ ದೇಹದ ಶಾಖ ಸುಲಭವಾಗಿ ಹೊರಗೆ ಹೋಗದು. ಜಾಕೆಟ್ಟು ತಾನಾಗಿ ಶಾಖವನ್ನು ಉಂಟುಮಾಡುವುದಿಲ್ಲವೆಂಬುದನ್ನು ಮರೆಯಬಾರದು.

ಜಾಕೆಟ್ಟಿನ ಚೀಟಿಯ ಮೇಲೆ 600, 700, 800 ಎಂಬಂಥ ಅಂಕೆಗಳಿರುವುದನ್ನು ವಾಚಕರು ಗಮನಿಸಿರಬಹುದು. ಇದು ತುಪ್ಪಳದ ಉಬ್ಬುವ ಶಕ್ತಿಯನ್ನು ಸೂಚಿಸುತ್ತದೆ. 700 ಎಂದಿದ್ದರೆ, ಒಂದು ಔನ್ಸು, ಅಂದರೆ ಸುಮಾರು 28 ಗ್ರಾಂ ತುಪ್ಪಳವು, ಗೊತ್ತುಪಡಿಸಿದ ಹಗುರವಾದ ಭಾರದ ಅಡಿಯಲ್ಲಿ 700 ಘನ ಅಂಗುಲಗಳಷ್ಟು ಸ್ಥಳವನ್ನು ತುಂಬುತ್ತದೆ. ಇದು ಸುಮಾರು 11.5 ಲೀಟರು. ಈಗ ಒಂದು ಸಣ್ಣ ಲೆಕ್ಕ ಮಾಡೋಣ. ತುಪ್ಪಳವು ಕೆರಟಿನ್ ವರ್ಗದ ಪ್ರೋಟೀನಿನಿಂದಾದುದು. ಇದರ ಸಾಂದ್ರತೆ ನೀರಿನದಕ್ಕಿಂತ ತುಸು ಹೆಚ್ಚು, ಸುಮಾರು 1.3. ಹಾಗಾದರೆ 28 ಗ್ರಾಂ ಕೆರಟಿನ್ನಿನ ಗಾತ್ರ 22 ಮಿಲಿಲೀಟರಿನಷ್ಟೇ ಆಯಿತು. ಉಬ್ಬಿದ ತುಪ್ಪಳದ ಸಾವಿರ ಪಾಲುಗಳಲ್ಲಿ ಎರಡು ಪಾಲು ಮಾತ್ರ ಗರಿ, ಉಳಿದುದೆಲ್ಲ ಗಾಳಿ! ಈ ಗಾಳಿಯನ್ನು ಕಾಪಾಡುವುದೇ ಜಾಕೆಟ್ಟನ್ನು ಕಾಪಾಡುವುದು.

ಈ ಗಾಳಿಗೆ ಇಬ್ಬರು ಶತ್ರುಗಳು. ಮೊದಲನೆಯದು ಕೊಳೆ. ಚಾರಣದಲ್ಲಿ ಬೆವರು, ಬೆವರಿನ ಲವಣ, ಚರ್ಮದ ಜಿಡ್ಡು, ಒಲೆಯ ಮಸಿ ಇವೆಲ್ಲ ಬಟ್ಟೆಯನ್ನು ಹಾದು ತುಪ್ಪಳವನ್ನು ಸೇರುತ್ತವೆ. ಕವಲುಗಳು ಒಂದಕ್ಕೊಂದು ಅಂಟಿ ಮುದುಡುತ್ತವೆ. ಕೊರಳು, ಕಂಕುಳು, ಬೆನ್ನಿನ ಭಾಗಗಳು ಮೊದಲು ಚಪ್ಪಟೆಯಾಗುವುದು ಇದರಿಂದಲೇ. ಎರಡನೆಯದು ನೀರು. ನೆನೆದ ಎಳೆಗಳು ಕುಸಿದು ಗಂಟಾಗುತ್ತವೆ. ಗಾಳಿಯ ಸ್ಥಳವನ್ನು ನೀರು ಹಿಡಿಯುತ್ತದೆ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಹೀಗಾಗಿ ಕೊಳೆಯಾದಾಗ ತೊಳೆಯಲೇಬೇಕು, ತೊಳೆದಮೇಲೆ ಪೂರ್ಣವಾಗಿ ಒಣಗಿಸಲೇಬೇಕು.

ತೊಳೆಯಲು ಯಾವ ಸಾಬೂನು ತಕ್ಕುದು? ಕೆರಟಿನ್ನಿನ ಅಣುಗಳನ್ನು ಬಿಗಿದಿರುವ ಗಂಧಕದ ಬಂಧಗಳು ತೀಕ್ಷ್ಣವಾದ ಕ್ಷಾರಕ್ಕೆ ಸಿಕ್ಕಿದರೆ ಸಡಿಲಗೊಳ್ಳುತ್ತವೆ. ಬಟ್ಟೆ ಒಗೆಯುವ ಪುಡಿಗಳು ಸಾಮಾನ್ಯವಾಗಿ ಕ್ಷಾರೀಯವಾದವು. ಕೆಲವದರಲ್ಲಿ ಪ್ರೋಟೀನನ್ನು ಅರಗಿಸುವ ಕಿಣ್ವಗಳೂ ಇರುತ್ತವೆ. ಇವು ತುಪ್ಪಳಕ್ಕೆ ಸಲ್ಲವು. ತುಪ್ಪಳಕ್ಕೆಂದೇ ಮಾರುವ ಸೌಮ್ಯವಾದ ದ್ರವಮಾರ್ಜಕ ಉತ್ತಮ. ನಮ್ಮ ಬಯಲುಸೀಮೆಯ ಹಲವೆಡೆಗಳಲ್ಲಿ ಕೊಳವೆಬಾವಿಯ ನೀರು ಗಡಸು. ಅದರಲ್ಲಿ ಸಾಬೂನು ಕ್ಯಾಲ್ಸಿಯಂ ಲವಣಗಳೊಡನೆ ಕೂಡಿ ಕರಗದ ಗಸಿಯಾಗಿ ಎಳೆಗಳ ಮೇಲೆ ನಿಲ್ಲುತ್ತದೆ. ಅಂಥ ಕಡೆ ಮಳೆನೀರನ್ನೋ ಬೇರೆ ಮೃದುಜಲವನ್ನೋ ಬಳಸುವುದು ಒಳ್ಳೆಯದು. ಚಲುವೆಪುಡಿಯನ್ನೂ ಬಟ್ಟೆ ಮೆದುಗೊಳಿಸುವ ದ್ರವವನ್ನೂ ಹಾಕಕೂಡದು.

ಕ್ರಮವು ಹೀಗೆ: ಜೇಬುಗಳನ್ನು ಬರಿದುಮಾಡಿ ಝಿಪ್ಪುಗಳನ್ನು ಮುಚ್ಚಬೇಕು. ಅಗಲವಾದ ತೊಟ್ಟಿಯಲ್ಲಿ ಸುಮಾರು 30 ಡಿಗ್ರಿ ಸೆಲ್ಸಿಯಸಿನ ಉಗುರುಬೆಚ್ಚನೆಯ ನೀರು ತುಂಬಿ, ಮಾರ್ಜಕ ಬೆರೆಸಿ, ಜಾಕೆಟ್ಟನ್ನು ಮುಳುಗಿಸಿ ಅಂಗೈಯಿಂದ ಮೆಲ್ಲನೆ ಅದುಮಬೇಕು. ಕಲ್ಲಿಗೆ ಬಡಿಯುವುದು, ಉಜ್ಜುವುದು, ಹಿಂಡುವುದು ಸರ್ವಥಾ ಕೂಡದು. ನೊರೆ ಹೋಗುವವರೆಗೆ ಮೂರು ನಾಲ್ಕು ಸಲ ಹೊಸ ನೀರಿನಲ್ಲಿ ಜಾಲಿಸಬೇಕು. ಉಳಿದ ಮಾರ್ಜಕವು ಮುಂದೆ ತೇವವನ್ನು ಸೆಳೆಯುತ್ತದೆ. ನೆನೆದ ಜಾಕೆಟ್ಟು ಬಹಳ ಭಾರ. ತೋಳು ಹಿಡಿದು ಎತ್ತಿದರೆ ಒಳಗಿನ ಹೊಲಿಗೆ ಹರಿದು ತುಪ್ಪಳವು ಒಂದೆಡೆ ಸೇರಿಬಿಡುತ್ತದೆ. ಆದಕಾರಣ ನೀರನ್ನು ಒತ್ತಿ ತೆಗೆದು, ಎರಡೂ ಕೈಗಳಿಂದ ಅಡಿಯಲ್ಲಿ ಆನಿಸಿ ಎತ್ತಬೇಕು.

ಒಣಗಿಸುವುದೇ ತಾಳ್ಮೆಯ ಕೆಲಸ. ಯಂತ್ರವಿದ್ದರೆ ಅತಿ ಕಡಿಮೆ ಶಾಖದಲ್ಲಿ, ಎರಡು ಮೂರು ಶುಭ್ರವಾದ ಟೆನಿಸ್ ಚೆಂಡುಗಳೊಡನೆ ಹಲವು ಗಂಟೆ ತಿರುಗಿಸಬೇಕು. ಚೆಂಡುಗಳು ಗಂಟುಗಳನ್ನು ಬಿಡಿಸುತ್ತವೆ. ಶಾಖ ಹೆಚ್ಚಾದರೆ ತೆಳುವಾದ ನೈಲಾನು ಹಾಳಾದೀತು. ಯಂತ್ರವಿಲ್ಲದವರು ಗಾಳಿಯಾಡುವ ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ, ಆಗಾಗ ಮಗುಚುತ್ತ, ಬೆರಳುಗಳಿಂದ ಗಂಟುಗಳನ್ನು ಬಿಡಿಸುತ್ತಿರಬೇಕು. ಇದಕ್ಕೆ ಕೆಲವು ದಿನಗಳೇ ಹಿಡಿಯಬಹುದು. ಹೊರಬಟ್ಟೆ ಒಣಗಿದೊಡನೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಒಳಗೆ ಉಳಿದ ತೇವದಿಂದ ಬೂಷ್ಟು ಹಿಡಿದು ದುರ್ವಾಸನೆ ಹುಟ್ಟುತ್ತದೆ. ಮಲೆನಾಡು, ಕರಾವಳಿಗಳವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದು ಲೇಸು. ಒಣಗಿದ ಜಾಕೆಟ್ಟನ್ನು ಚೀಲದಲ್ಲಿ ತುರುಕಿಡದೆ, ಸಡಿಲವಾಗಿ ತೂಗುಹಾಕಿಡಬೇಕು.

ತೊಳೆಯುವ ಕಾಲ ಬಂದಿತೆಂದು ತಿಳಿಯುವುದು ಹೇಗೆ? ಅಳೆಯುವುದೇ ಇದಕ್ಕೆ ಉಪಾಯ. ಹೊಸ ಜಾಕೆಟ್ಟನ್ನು ಕೊಡವಿ ಮೇಜಿನ ಮೇಲೆ ಹರಡಿ, ಅರ್ಧ ಗಂಟೆ ಬಿಟ್ಟು, ಎದೆಯ ಒಂದು ಗೊತ್ತಾದ ಕೋಣೆಯ ದಪ್ಪವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಿರಿ. ಪ್ರತಿ ಚಾರಣದ ನಂತರ ಅದನ್ನೇ ಮಾಡಿರಿ. ದಪ್ಪ ಎದ್ದು ಕಾಣುವಷ್ಟು ಇಳಿದಿದ್ದರೆ ತೊಳೆಯಿರಿ. ತೊಳೆದು ಒಣಗಿಸಿದ ಮೇಲೂ ಏರದಿದ್ದರೆ ಎಳೆಗಳೇ ಮುರಿದಿವೆಯೆಂದು ತಿಳಿಯಿರಿ. ಬಾಡಿಗೆಗೆ ಪಡೆಯುವವರು ಜಾಕೆಟ್ಟನ್ನು ಬೆಳಕಿಗೆ ಹಿಡಿದು, ಕೋಣೆಗಳು ಬರಿದಾಗಿಲ್ಲವೆಂದು ನೋಡಿಕೊಳ್ಳಬೇಕು.

ಈ ಎಚ್ಚರಿಕೆ ಹಣದ ಉಳಿತಾಯಕ್ಕಾಗಿ ಮಾತ್ರವಲ್ಲ. ದೇಹದ ಒಳಗಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗಿಳಿದರೆ ನಡುಕ ಹುಟ್ಟಿ, ಮಾತು ತೊದಲಿ, ಬುದ್ಧಿ ಮಂಕಾಗುತ್ತದೆ. ಹಿಮದ ನಡುವೆ ಅದು ಪ್ರಾಣಕ್ಕೇ ಎರವಾದೀತು. ಚಪ್ಪಟೆಯಾದ ಜಾಕೆಟ್ಟು ಊರಿನಲ್ಲಿ ಯಾವ ಕುಂದನ್ನೂ ತೋರದು. ಅದರ ಕುಂದು ಬೆಟ್ಟದ ಮೇಲಿನ ರಾತ್ರಿಯಲ್ಲಿ ತಿಳಿಯುವುದಕ್ಕಿಂತ, ಮನೆಯ ಮೇಜಿನ ಮೇಲೆ ಅಳತೆಪಟ್ಟಿಯಿಂದಲೇ ತಿಳಿಯುವುದು ಮೇಲು.