ಹಾಲು ಕುಡಿಯುವ ಕುರಿಮರಿಗಳಿಗೆ ಪೂರಕ ಆಹಾರ

ಕುರಿ ಸಾಕಣೆಯ ಲಾಭನಷ್ಟವು ಬಹುಮಟ್ಟಿಗೆ ಮರಿಯ ಮೊದಲ ಮೂರು ತಿಂಗಳುಗಳಲ್ಲಿಯೇ ನಿರ್ಧಾರವಾಗುತ್ತದೆ. ಮಹಾರಾಷ್ಟ್ರ, ಕರ್ನಾಟಕ ಮತ್ತು ತೆಲಂಗಾಣಗಳ ಒಣ ಪ್ರದೇಶಗಳಲ್ಲಿ ಸಾಕಲಾಗುವ ದಖನಿ ತಳಿಯ ಕುರಿಗಳು ಹೆಚ್ಚಾಗಿ ಬಯಲು ಮೇವನ್ನೇ ಅವಲಂಬಿಸಿವೆ. ಮೇವು ಒಣಗಿದಾಗ ತಾಯಿಯ ಹಾಲು ಇಳಿಯುತ್ತದೆ. ಮರಿಯ ಬೆಳವಣಿಗೆ ಕುಂಠಿತವಾಗುತ್ತದೆ. ಈ ಕೊರತೆಯನ್ನು ತುಂಬಲು ಹಾಲಿನ ಜೊತೆಗೆ ನೀಡುವ ದಾಣಿ ಮಿಶ್ರಣವೇ ಪೂರಕ ಆಹಾರ.

ಹಾಲು ಏಕೆ ಸಾಲದು?

ಹುಟ್ಟಿದ ಮರಿಗೆ ಮೊದಲ ಒಂದೆರಡು ಗಂಟೆಗಳಲ್ಲಿಯೇ ಗಿಣ್ಣು ಹಾಲು ದೊರೆಯಬೇಕು. ರೋಗನಿರೋಧಕ ಶಕ್ತಿ ಮರಿಗೆ ಬರುವುದು ಇದರಿಂದಲೇ. ಬೇರಾವ ಆಹಾರವೂ ಇದಕ್ಕೆ ಬದಲಿಯಾಗದು. ಆದರೆ ತಾಯಿಯ ಹಾಲು ಈದ ಮೂರು ನಾಲ್ಕು ವಾರಗಳಲ್ಲಿ ಗರಿಷ್ಠ ಮಟ್ಟ ಮುಟ್ಟಿ, ಅನಂತರ ಕಡಿಮೆಯಾಗತೊಡಗುತ್ತದೆ. ಮರಿಯ ಅಗತ್ಯವಾದರೋ ದಿನೇ ದಿನೇ ಹೆಚ್ಚುತ್ತದೆ. ಅವಳಿ ಮರಿಗಳಲ್ಲಿ ಈ ಅಂತರ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಕಾರಣವೂ ಉಂಟು. ಎಳೆಯ ಮರಿಯ ಹೊಟ್ಟೆಯ ನಾಲ್ಕು ಭಾಗಗಳಲ್ಲಿ ಮೇವನ್ನು ಹುದುಗಿಸುವ ಮೊದಲ ಭಾಗವು ಇನ್ನೂ ಬೆಳೆದಿರುವುದಿಲ್ಲ. ಕುಡಿದ ಹಾಲು ಅದನ್ನು ದಾಟಿ ನೇರವಾಗಿ ನಾಲ್ಕನೆಯ ಭಾಗವನ್ನು ಸೇರುತ್ತದೆ. ಮರಿಯು ಒಣ ಆಹಾರ ತಿನ್ನತೊಡಗಿದಾಗ ಅಲ್ಲಿ ಸೂಕ್ಷ್ಮಜೀವಿಗಳು ವೃದ್ಧಿಯಾಗಿ, ಹುದುಗುವಿಕೆಯಿಂದ ಉಂಟಾಗುವ ಆಮ್ಲಗಳು ಆ ಭಾಗದ ಒಳಪದರವನ್ನು ಬೆಳೆಸುತ್ತವೆ. ಹೀಗೆ ಸಿದ್ಧವಾದ ಮರಿಯು ಹಾಲು ಬಿಟ್ಟಾಗ ಸೊರಗುವುದು ಕಡಿಮೆ.

ನೀಡುವ ವಿಧಾನ

ಮರಿಗೆ 10ರಿಂದ 15 ದಿನಗಳಾದಾಗ ಮಿಶ್ರಣವನ್ನು ರುಚಿ ತೋರಿಸಬಹುದು. 100 ಕಿಲೋ ಮಿಶ್ರಣಕ್ಕೆ ಒಂದು ಮಾದರಿ ಹೀಗಿದೆ: ನುಚ್ಚು ಮಾಡಿದ ಮೆಕ್ಕೆಜೋಳ 40 ಕಿಲೋ, ಶೇಂಗಾ ಹಿಂಡಿ 30, ಎಣ್ಣೆ ತೆಗೆದ ಅಕ್ಕಿ ತೌಡು 13, ಗೋಧಿ ಬೂಸಾ 10, ಕಾಕಂಬಿ 5, ಕುರಿಗಳಿಗಾಗಿ ತಯಾರಿಸಿದ ಖನಿಜ ಮಿಶ್ರಣ 2. ಇದರಲ್ಲಿ ಶೇಕಡಾ 19ರಷ್ಟು ಪ್ರೋಟೀನು ಇರುತ್ತದೆ. ಒಂದೊಂದು ಹಿಡಿಯಿಂದ ಆರಂಭಿಸಿ ನಿಧಾನವಾಗಿ ಪ್ರಮಾಣ ಹೆಚ್ಚಿಸಬೇಕು. ಎಳೆಯ ಹಸಿರು ಮೇವು ಹಾಗೂ ಶುದ್ಧ ನೀರು ಸದಾ ದೊರೆಯಬೇಕು.

ದೊಡ್ಡ ಕುರಿಗಳು ಈ ಆಹಾರವನ್ನು ತಿಂದುಬಿಡದಂತೆ ಹಟ್ಟಿಯ ಒಂದು ಮೂಲೆಯಲ್ಲಿ ಬೇಲಿ ಕಟ್ಟಿ, ಮರಿಗಳು ಮಾತ್ರ ನುಸುಳುವಷ್ಟು, ಅಂದರೆ ಸುಮಾರು 20 ಸೆಂ.ಮೀ. ಅಗಲದ ಕಿಂಡಿಗಳನ್ನು ಬಿಡಬೇಕು. ವಲಸೆ ಹೋಗುವ ಕುರಿಗಾರರು ಮಂದೆ ತಡೆಯುವ ಬಲೆಯಿಂದಲೇ ಇಂಥ ಆವರಣ ಮಾಡಿಕೊಳ್ಳಬಹುದು.

ಎಚ್ಚರಿಕೆಗಳು

ಕಾಳಿನ ಅಂಶವನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯಲ್ಲಿ ಆಮ್ಲ ಹೆಚ್ಚುತ್ತದೆ, ಕರುಳುಬೇನೆಯೂ ತಗಲಬಹುದು. ಈ ಬೇನೆಯಲ್ಲಿ ಚೆನ್ನಾಗಿ ಮೈತುಂಬಿಕೊಂಡ ಮರಿಗಳೇ ಹಠಾತ್ತನೆ ಸಾಯುತ್ತವೆ. ಆದುದರಿಂದ ಪಶುವೈದ್ಯರ ಸಲಹೆಯಂತೆ ಲಸಿಕೆ ಹಾಕಿಸುವುದು ಅಗತ್ಯ. ಬೂಷ್ಟು ಹಿಡಿದ ಹಿಂಡಿ ವಿಷಕಾರಿ. ಮರಿಗಳಿಗೆ ಯೂರಿಯಾ ಬೆರೆಸಿದ ಆಹಾರ ಸಲ್ಲದು. ದನಗಳ ಖನಿಜ ಮಿಶ್ರಣದಲ್ಲಿರುವ ಹೆಚ್ಚಿನ ತಾಮ್ರವು ಕುರಿಗಳಿಗೆ ಅಪಾಯಕಾರಿ.

ಲಾಭದ ಲೆಕ್ಕ

ಹಸಿರು ಮೇವು ಸಮೃದ್ಧವಾಗಿದ್ದು ತಾಯಿಗೆ ಹಾಲು ತುಂಬಿರುವಾಗ ಪೂರಕ ಆಹಾರದ ಪ್ರಯೋಜನ ಅಲ್ಪ. ಬರಗಾಲದಲ್ಲಿ ಮತ್ತು ಅವಳಿ ಮರಿಗಳಲ್ಲಿ ಅಧಿಕ. ಉದಾಹರಣೆಗೆ, ಮರಿಯೊಂದು ದಿನಕ್ಕೆ ಸರಾಸರಿ 100 ಗ್ರಾಂ ಮಿಶ್ರಣ ತಿಂದು, ತಿನ್ನದ ಮರಿಗಿಂತ 30 ಗ್ರಾಂ ಹೆಚ್ಚು ಬೆಳೆಯಿತೆಂದು ಭಾವಿಸೋಣ. 75 ದಿನಗಳಲ್ಲಿ ಏಳೂವರೆ ಕಿಲೋ ಮಿಶ್ರಣಕ್ಕೆ ಎರಡೂಕಾಲು ಕಿಲೋ ಹೆಚ್ಚುವರಿ ತೂಕ ದೊರೆಯುತ್ತದೆ. ಈ ತೂಕದ ಬೆಲೆಯು ಮಿಶ್ರಣದ ವೆಚ್ಚವನ್ನು ಮೀರಿದರೆ ಮಾತ್ರ ಲಾಭ. ಆದ್ದರಿಂದ ಕೆಲವು ಮರಿಗಳನ್ನಾದರೂ ಹದಿನೈದು ದಿನಗಳಿಗೊಮ್ಮೆ ತೂಗಿ ಬರೆದಿಡುವುದು ಉತ್ತಮ. ಕುರಿಗಾರನಿಗೆ ತನ್ನ ಹಟ್ಟಿಯ ತಕ್ಕಡಿಗಿಂತ ನಂಬಲರ್ಹವಾದ ಸಲಹೆಗಾರ ಬೇರಿಲ್ಲ.