ಮಳೆಗಾಲದಲ್ಲಿ ಜೀಪಿನ ಬ್ಯಾಟರಿ



ಮಳೆ ಹಿಡಿದ ಮೇಲೆ ನಮ್ಮ ಜನ್ನಾಪುರ, ಭದ್ರಾವತಿ ಕಡೆಯ ಎಷ್ಟೋ ತೋಟಗಳ ಜೀಪು, ಪಿಕಪ್‌ಗಳು ವಾರಗಟ್ಟಲೆ ಶೆಡ್ಡಿನಲ್ಲೇ ನಿಲ್ಲುತ್ತವೆ. ರಾತ್ರಿ ಯಾರಿಗಾದರೂ ಮೈ ಕೆಟ್ಟು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೊರಡಬೇಕಾದಾಗ ಗಾಡಿ ಏಳದಿದ್ದರೆ, ನಷ್ಟ ಬ್ಯಾಟರಿಯ ಬೆಲೆಯಷ್ಟೇ ಅಲ್ಲ.

ಚಳಿ ದೇಶಗಳಲ್ಲಿ ಬ್ಯಾಟರಿಗೆ ಹಿಮ ಶತ್ರು. ನಮ್ಮಲ್ಲಿ ಬೇಸಿಗೆಯ ಕಾವು ಆಯುಸ್ಸು ತಿನ್ನುತ್ತದೆ, ಮಳೆಗಾಲದ ವಿಶ್ರಾಂತಿ ಬರಿದು ಮಾಡುತ್ತದೆ. ಇಳಿದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಸೀಸದ ತಗಡುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಮತ್ತೆ ಚಾರ್ಜ್ ಹಿಡಿಯದು.

ಪರೀಕ್ಷೆ: ಗಾಡಿ ಒಂದು ರಾತ್ರಿ ನಿಂತ ಮೇಲೆ ಮೀಟರ್ ಹಿಡಿಯಿರಿ. ೧೨.೬ ವೋಲ್ಟ್ ಪೂರ್ಣ, ೧೨.೪ಕ್ಕೆ ಇಳಿದರೆ ಚಾರ್ಜ್ ಮಾಡಿಸಿ. ೧೨ ಎಂದರೆ ಬಹುಪಾಲು ಖಾಲಿ.

ಪಾಲನೆ: ಐದು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿದರೆ ಫಲವಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ. ಆಗದಿದ್ದರೆ ನೆಗೆಟಿವ್ ತಂತಿ ಕಳಚಿಡಿ. ಚಾರ್ಜರಿನಲ್ಲಿ ೬೦ ಆಂಪಿಯರ್-ಗಂಟೆಯ ಬ್ಯಾಟರಿಗೆ ೬ ಆಂಪಿಯರ್ ಸಾಕು. ಆಗ ಜಲಜನಕ ಹೊರಡುವುದರಿಂದ ಬೀಡಿ, ದೀಪ ದೂರವಿರಲಿ. ಮುಚ್ಚಳ ತೆಗೆಯುವ ಬ್ಯಾಟರಿಗೆ ಡಿಸ್ಟಿಲ್ಡ್ ನೀರು ಮಾತ್ರ. ಬಾವಿ ನೀರು ಬೇಡ, ಆಮ್ಲವೂ ಬೇಡ.

ಬದಲಾವಣೆ: ಪೂರ್ಣ ಚಾರ್ಜ್ ಆದರೂ ಮರುದಿನವೇ ಇಳಿದರೆ, ಮತ್ತು ಗಾಡಿಯ ತಂತಿಯಲ್ಲಿ ಸೋರಿಕೆ ಇಲ್ಲದಿದ್ದರೆ, ಹೊಸದು ಕೊಳ್ಳಿ. ಕಳಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ಕೊನೆಗೆ. ಹೀಗೆ ಮಾಡಿದರೆ ಸ್ಪಾನರ್ ಬಾಡಿಗೆ ತಗುಲಿದರೂ ಕಿಡಿ ಹಾರದು.

ಹಳೆಯದನ್ನು ಹಳ್ಳಕ್ಕೆ ಎಸೆಯಬೇಡಿ, ಸೀಸ ವಿಷ. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅದು ಸಂಗ್ರಹಕಾರರಿಗೇ ಸೇರಬೇಕು. ಹೊಸದು ಕೊಳ್ಳುವ ಅಂಗಡಿಗೆ ಕೊಟ್ಟರೆ ಬೆಲೆಯಲ್ಲೂ ಮುರಿದುಕೊಳ್ಳುವುದು ರೂಢಿ, ಕೇಳಿ ಪಡೆಯಿರಿ.